ಕರಿಹಳ್ಳದ ತಂತಿಗಳು

ಮೂರನೇ ಮಳೆಗಾಲದ ನಲವತ್ತೊಂದನೆಯ ದಿನ, 2109

ಎಂಬತ್ತು ವರ್ಷದ ಹಿಂದೆ ಕರಿಹಳ್ಳದ ದಂಡೆಯಲ್ಲಿ ಸಸಿ ನೆಟ್ಟು, ಅವುಗಳ ಆರೈಕೆಗೆ ತಾವಾಗಿಯೇ ಹೆಸರು ಕೊಟ್ಟ ಹಿರಿಯರಿಗೆ ಹಳ್ಳದಕೇರಿಯ ಮಲಕವ್ವ ಮಾಡುವ ನಮಸ್ಕಾರ. ವರ್ಷಕ್ಕೆ ಮೂರು ಮಳೆಗಾಲವೆಂದರೆ ನಿಮಗೆ ನಗು ಬಂದೀತು. ನನ್ನ ಮಾತಿನಲ್ಲಿ ಇಂಥ ವಿಚಿತ್ರಗಳು ಇನ್ನೂ ಇವೆ, ಕ್ಷಮಿಸಿ. ನನಗೆ ಭಯವಾಗಿದೆ, ಒಪ್ಪ ಮಾಡಿ ಬರೆಯಲು ಪುರುಸೊತ್ತಿಲ್ಲ.

ನೀವು ನೆಟ್ಟ ಹೊಳೆಮತ್ತಿ ಮರಗಳೇ ಇಂದು ನಮ್ಮ ಕೇರಿಯ ದಂಡೆಯನ್ನು ಹಿಡಿದು ನಿಲ್ಲಿಸಿವೆ. ನೆರೆ ಬಂದಾಗ ಪ್ರತಿ ಮರದ ಬುಡದಲ್ಲಿ ಒಬ್ಬರು ಕಾಂಡಕ್ಕೆ ಅಂಗೈ ಒತ್ತಿ ಕೂರುತ್ತಾರೆ. ಇದಕ್ಕೆ ಬೇರುಕಾವಲು ಎನ್ನುತ್ತೇವೆ. ನೀರಿನ ಎತ್ತರವನ್ನು ಯಂತ್ರ ಹೇಳುತ್ತದೆ, ಆದರೆ ಮರದ ನಡುಕ ಅಂಗೈಗೇ ತಿಳಿಯಬೇಕು. ನಡುಕ ಹೆಚ್ಚಿದರೆ ಕಾವಲಿನವರು ಕೊಂಬು ಊದುತ್ತಾರೆ. ದಂಡೆಯ ಮನೆಯವರು ರೊಟ್ಟಿಬುಟ್ಟಿ, ಕೋಳಿ, ಕೂಸುಗಳನ್ನು ಎತ್ತಿಕೊಂಡು ದಿಬ್ಬ ಹತ್ತುತ್ತಾರೆ. ಊದಿದವರು ಎಲ್ಲರಿಗಿಂತ ಕೊನೆಗೆ ಹೊರಡಬೇಕು. ಇದಕ್ಕೂ ಯಾರ ಒತ್ತಾಯವಿಲ್ಲ, ನಿಮ್ಮಂತೆಯೇ ತಾವಾಗಿ ಹೆಸರು ಕೊಡುತ್ತಾರೆ. ಈ ಸಲ ನನ್ನ ಮಗಳು ನಿಂಬೆವ್ವ, ನನ್ನನ್ನು ಒಂದು ಮಾತೂ ಕೇಳದೆ, ಹೆಸರು ಕೊಟ್ಟುಬಂದಳು.

ಹೋದ ಮಳೆಗಾಲದಲ್ಲಿ ಒಂದು ಮರ, ಬೇರು ಗಟ್ಟಿಯಾಗಿದ್ದರೂ, ಸೊಂಟದೆತ್ತರದಲ್ಲಿ ಮುರಿಯಿತು. ಕಾವಲಿದ್ದ ಗುರಸಿದ್ದ ಅದರಡಿ ಸಿಕ್ಕಿ ಸತ್ತ. ಗರಗಸ ಹಾಕಿದಾಗ, ಮುರಿದ ಜಾಗದಲ್ಲೇ ಕಾಂಡವನ್ನು ಕೊರೆದು ಒಳಸೇರಿದ ತಂತಿ ಕಂಡಿತು. ಸಸಿ ಗಾಳಿಗೆ ಬಾಗದಿರಲೆಂದು ನೀವು ಗೂಟಕ್ಕೆ ಬಿಗಿದ ತಂತಿ. ತೆಂಗಿನ ಹಗ್ಗ ವರ್ಷದಲ್ಲಿ ಕೊಳೆಯುತ್ತದೆಂದು ತಂತಿ ತಂದಿರಂತೆ. ನಿಮ್ಮ ಸಂಘದ ಹಳೆಯ ಬರಹದಲ್ಲಿದೆ. ಎಂಥ ಜಾಣರು ನೀವು. ಹಗ್ಗವಾಗಿದ್ದರೆ ಕೊಳೆತು ಬಿದ್ದು, ಸಸಿ ಆರಾಮಾಗಿ ದಪ್ಪವಾಗುತ್ತಿತ್ತು. ಎರಡು ಬೇಸಿಗೆ ಕೊಡ ಹೊತ್ತು ನೀರುಣಿಸಿದಿರಿ, ಆಡುಗಳನ್ನು ಓಡಿಸಿದಿರಿ, ಫೋಟೋಕ್ಕೂ ನಿಂತಿರಿ. ಇನ್ನು ಗಿಡ ಬದುಕಿತೆಂದು ಮನೆಗೆ ಹೋದಿರಿ. ತಂತಿ ಬಿಚ್ಚಲು ಯಾರೂ ಬರಲಿಲ್ಲ. ನಿಮ್ಮ ಮೇಲೆ ಸಿಟ್ಟಿದೆ. ನೀವಿಲ್ಲದಿದ್ದರೆ ಈ ಕೇರಿಯೇ ಇರುತ್ತಿರಲಿಲ್ಲ ಎಂಬುದೂ ಗೊತ್ತಿದೆ.

ಇಂದು ಬೆಳಿಗ್ಗೆಯಿಂದ ನೀರು ಏರುತ್ತಿದೆ. ಬುತ್ತಿ ಕೊಡಲು ಹೋದವಳು, ಎದ್ದು ಬಾ ಎಂದು ಮಗಳನ್ನು ಬೇಡಿಕೊಂಡೆ. ಅವಳು ಕಾಂಡದಿಂದ ಕೈ ತೆಗೆಯಲಿಲ್ಲ.

“ಯವ್ವಾ, ಇದ್ರಾಗೂ ತಂತಿ ಐತಿ, ಕೈಗೆ ಗಂಟು ಹತ್ತತೈತಿ. ಆದ್ರ ನಾ ಎದ್ರ ಊದೋರು ಯಾರು?”

ಬುತ್ತಿಯನ್ನು ಅವಳ ಮಗ್ಗುಲಲ್ಲಿಟ್ಟೆ. ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ, ಕಿವಿಯೆಲ್ಲ ಹಳ್ಳದ ಕಡೆಗಿದೆ.

ಹಿರಿಯರೇ, ಮೂರನೆಯ ವರ್ಷವೂ ಒಮ್ಮೆ ಹಳ್ಳಕ್ಕೆ ಹೋಗಿ. ಇಕ್ಕಳ ಒಯ್ಯಿರಿ. ಒಂದೊಂದು ತಂತಿಗೆ ಒಂದು ಗಳಿಗೆ ಸಾಕು. ಎಲ್ಲವೂ ಆಗದಿದ್ದರೆ, ಸೇತುವೆಯಿಂದ ಏಳನೆಯ ಸಸಿಯ ತಂತಿಯನ್ನು ಮೊದಲು ಕತ್ತರಿಸಿ. ನಿಂಬೆವ್ವ ಅದರಡಿ ಕೂತಿದ್ದಾಳೆ.