ಎಡಗಿವಿಯ ಸೀಟಿ

ಮಾರ್ಚ್ 4
ಇವತ್ತು ಎಂಟುನೂರು ಪಿಂಗಾಣಿ ಕಪ್. ಮರದ ಕಡ್ಡಿಯಿಂದ ಒಂದೊಂದಕ್ಕೂ ಒಂದೇಟು. ಗಟ್ಟಿ ಇದ್ದರೆ ಠಣ್, ಬಿರುಕಿದ್ದರೆ ದಡ್. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಆದರೆ ಎಡಗಿವಿಯಲ್ಲಿ ಸೀಟಿ. ತಿಂಗಳಾಯಿತು, ನಿಂತಿಲ್ಲ.
"ವಯಸ್ಸಾಯ್ತು ಕಣೇ," ಅಂದಳು ಅಕ್ಕ.
"ಬಲಗಿವಿ ಏನು ನನಗಿಂತ ಚಿಕ್ಕದಾ?"

ಮಾರ್ಚ್ 11
ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು. "ಟೆನ್ಷನ್ ಮೇಡಂ. ಚೆನ್ನಾಗಿ ನಿದ್ದೆ ಮಾಡಿ."
"ಟೆನ್ಷನ್ ಎಡಗಡೆ ಮಾತ್ರ ಬರತ್ತಾ?"
ನಕ್ಕರು. ನಾನು ನಗಲಿಲ್ಲ. ಆ ಕಿವಿಗೆ ಫೋನ್ ಹಿಡಿದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮೆಟ್ಟಿಲಿಳಿಯುವಾಗ ಓಲಾಡುತ್ತೇನೆ. ಎಲ್ಲ ಹೇಳಿದೆ. "ಸ್ಕ್ಯಾನ್‌ಗೆ ಬರೀರಿ. ಬರೆಯೋವರೆಗೂ ಏಳಲ್ಲ."
ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಬರೆದರು.

ಮಾರ್ಚ್ 19
ಗಡ್ಡೆ. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ, ಮೂರು ಸೆಂಟಿಮೀಟರ್. ಕ್ಯಾನ್ಸರ್ ಅಲ್ಲ. ಆದರೆ ಮೆದುಳನ್ನು ಒತ್ತುತ್ತಿದೆ, ತೆಗೆಯಲೇಬೇಕು. ಸರ್ಜನ್ ಹೆಂಗಸು, ಸುತ್ತಿ ಬಳಸಿ ಮಾತಿಲ್ಲ. "ಎಡಗಿವಿ ಪೂರ್ತಿ ಹೋಗತ್ತೆ. ಸೀಟಿ ನಿಲ್ಲತ್ತೆ ಅಂತ ಮಾತು ಕೊಡಲ್ಲ."
ಅಕ್ಕ ಅತ್ತಳು.
"ಬಲಗಿವಿ?"
"ಅದಕ್ಕೇನೂ ಆಗಲ್ಲ."
"ಹಾಗಾದ್ರೆ ತೆಗೀರಿ."

ಏಪ್ರಿಲ್ 2
ಇಷ್ಟು ದಿನ ಬರೆಯಲಿಲ್ಲ. ಹೆದರಿಕೆಯನ್ನು ಬರೆದಿಟ್ಟು ಯಾರಿಗೆ ಲಾಭ…
ಸೂಪರ್‌ವೈಸರ್ ಕಿವಿಗೆ ಸುದ್ದಿ ಬಿದ್ದಿದೆ. "ಒಂದ್ ಕಿವೀಲಿ ಈ ಕೆಲ್ಸ ಆಗಲ್ಲಮ್ಮ. ಪ್ಯಾಕಿಂಗ್‌ಗೆ ಹೋಗ್ಬಿಡಿ."
ಮೈಯೆಲ್ಲ ಉರಿಯಿತು. ಎಡಗಿವಿಗೆ ಹತ್ತಿ ತುರುಕಿದೆ. "ನೂರು ಕಪ್ ಇಡಿ. ಬಿರುಕಿರೋದು ಎಷ್ಟು ಅಂತ ನಿಮ್ಗೆ ಮಾತ್ರ ಗೊತ್ತಿರ್ಲಿ."
ಅವರು ಬೆರೆಸಿದ್ದು ನಾಲ್ಕು. ನಾನು ತೆಗೆದದ್ದು ಐದು.
"ಈ ಐದನೇದು ಚೆನ್ನಾಗಿದೆಯಲ್ಲಮ್ಮ!"
ಮೇಜಿನ ಮೇಲಿಟ್ಟು ಕುದಿನೀರು ಸುರಿದೆ. ಎರಡು ಹೋಳು.
ಹೋಳುಗಳನ್ನು ಅವರೇ ಎತ್ತಿ ಬುಟ್ಟಿಗೆ ಹಾಕಿದರು. ಆಮೇಲೆ, "ನಿಮ್ಮ ಜಾಗಕ್ಕೆ ಯಾರನ್ನೂ ಹಾಕಲ್ಲ. ಹೋಗ್ಬನ್ನಿ."

ಏಪ್ರಿಲ್ 9, ಬೆಳಿಗ್ಗೆ 6:10
ಕಿವಿಯ ಹಿಂದೆ ಕೂದಲು ಬೋಳಿಸಿದರು. ಸ್ಟ್ರೆಚರ್ ಬಂತು. ಹಿಂದೆ ಸರಿಯುವುದಿಲ್ಲ.

ಏಪ್ರಿಲ್ 17, ಮಧ್ಯಾಹ್ನ
ಅಕ್ಷರ ಸೊಟ್ಟ. ಬಾಯಿಯೂ ಸೊಟ್ಟ — ಆಪರೇಷನ್‌ನಲ್ಲಿ ಮುಖದ ನರಕ್ಕೂ ಪೆಟ್ಟಾಗಿದೆ, ನಿಧಾನಕ್ಕೆ ಸರಿಹೋಗುತ್ತದಂತೆ. ಗಡ್ಡೆ ಹೋಯಿತು. ಎಡಗಿವಿಯೂ ಹೋಯಿತು. ಸೀಟಿ ಮಾತ್ರ ಜಾಗ ಬಿಟ್ಟಿಲ್ಲ. ಎಷ್ಟು ಬೇಕಾದರೂ ಊದಲಿ, ದಣಿಯುವುದು ಅದೇ.
ಗೋಡೆ ಹಿಡಿದು ಹನ್ನೆರಡು ಹೆಜ್ಜೆ ಹಾಕಿದೆ. ನರ್ಸ್ ಇವತ್ತಿಗೆ ಸಾಕು ಅಂದಳು. ಇನ್ನೂ ಹನ್ನೆರಡು ಹಾಕಿದೆ. ಅಕ್ಕ ಎಡಗಡೆ ನಿಂತು ಏನೋ ಬೈದಳು.
"ಬೈಯೋದಿದ್ರೆ ಈ ಕಡೆ ಬಾರೇ."
ಬಂದಳು. ಬೈಯಲಿಲ್ಲ, ತಬ್ಬಿಕೊಂಡಳು.
ಈಗ ಅವಳಿಗೆ ಜೊಂಪು. ಬಾಗಿಲ ತನಕ ಇಪ್ಪತ್ತು ಹೆಜ್ಜೆ ಇರಬಹುದು. ಈ ಸಲ ಗೋಡೆ ಬಿಟ್ಟು —