ಕಡಲ ಬದಿ ಅಂದರೆ ಯಾವ ಬದಿ

ಅಲ್ ಮನ್ಸೂರಾ, ದೋಹಾ
ಗುರುವಾರ ಮಧ್ಯಾಹ್ನ

ಪ್ರೀತಿಯ ಅಫ್ರಾ,

"ಪ್ರೀತಿಯ" ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಬರೆದಾಯಿತಲ್ಲ, ಇರಲಿ ಬಿಡು.

ಹದಿನಾರು ದಿನಗಳಿಂದ ನಿನ್ನ ಮೆಸೇಜು ನನ್ನ ಫೋನಿನಲ್ಲಿ ಉತ್ತರವಿಲ್ಲದೆ ಬಿದ್ದಿದೆ. "ಅಕ್ಕ, ಡಸ್ಟ್‌ಲೈನ್ ಐದು ರಿಲೀಸಾಗುವ ಶುಕ್ರವಾರ ಅಸರ್ ನಮಾಜು ಆದ ಮೇಲೆ ಆಡ್ಲಿಕ್ಕೆ ಕೂತ್ಕೊಳ್ತೇವೆ. ನಾನು, ಸಹನಾ. ಮೂರನೇ ಜಾಗ ನಿಮ್ಗೆ ಇಟ್ಟಿದ್ದೇನೆ. ಬರ್ತೀರಲ್ಲ?" ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಣ್ಣು ಹೋಗಿ ನಿಲ್ಲುವುದು "ಮೂರನೇ" ಎಂಬಲ್ಲಿ. ಆರು ವರ್ಷ ನಿನ್ನ ಜೊತೆ ಆಡಿದವಳಿಗೆ ಮೂರನೇ ಜಾಗ!

ನಾಳೆಯೇ ಆ ಶುಕ್ರವಾರ. ಇವತ್ತು ಉತ್ತರ ಕೊಡದಿದ್ದರೆ ಆ ಜಾಗಕ್ಕೆ ಬೇರೆ ಯಾರಾದರೂ ಬಂದು ಕೂರುತ್ತಾರೆ, ಆಮೇಲೆ ನಾವಿಬ್ಬರು ಸೂಕ್ ವಾಕಿಫ್ ಪೇಟೆಯಲ್ಲಿ ಎದುರಾದರೂ "ಆರಾಮಾ?" ಎಂದು ಕೇಳಿ ದಾಟಿ ಹೋಗುವ ಜನರಾಗುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ವಾಟ್ಸಪ್ಪಿನಲ್ಲಿ ಬರೆದರೆ ನೀಲಿ ಗೀಟು ಬಂತಾ ಇಲ್ಲವಾ ಎಂದು ನೋಡುತ್ತಾ ಕೂರುವ ಹಣೆಬರಹ. ಆದ್ದರಿಂದ ಕಾಗದದಲ್ಲಿ, ಕನ್ನಡದಲ್ಲಿ. ಸಂಜೆ ಡ್ಯೂಟಿ ಮುಗಿಸಿ ನಿಮ್ಮ ಬಾಗಿಲಿನಡಿ ತೂರಿಸಿ ಬರುತ್ತೇನೆ. ನಿನ್ನ ಉಮ್ಮ ಊಟದ ಮೇಜಿನ ಮೇಲೆ ಕಲಿಸಿದ ಅಕ್ಷರ, ನಿನಗೆ ಓದಲು ನಿಧಾನ ಎಂದು ಗೊತ್ತು. ನಾನೂ ಎಕ್ಸ್-ರೇ ಕೋಣೆಯ ಸ್ಟೂಲಿನ ಮೇಲೆ, ಇಬ್ಬರು ಪೇಷಂಟುಗಳ ನಡುವೆ, ನಿಧಾನಕ್ಕೇ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ಈ ಕೋಣೆಗೇ ಅಲ್ಲವೇ ನೀನು ಬಲಗೈ ಮಣಿಕಟ್ಟು ಹಿಡಿದುಕೊಂಡು ಬಂದದ್ದು? ಹೇಗೆ ನೋವಾಯಿತು ಎಂದು ಕೇಳಿದರೆ "ಆಫೀಸಲ್ಲಿ ಟೈಪಿಂಗ್ ಜಾಸ್ತಿ" ಎಂದೆ. ಟೈಪಿಂಗ್ ಮಾಡುವವರಿಗೆ ಎರಡೂ ಕೈ ನೋಯಬೇಕು ಮಾರಾಯ್ತಿ. ನಿನಗೆ ನೋಯುತ್ತಿದ್ದದ್ದು ಬಲಗೈ ಮಾತ್ರ, ಅದೂ ಹೆಬ್ಬೆರಳಿನ ಬುಡದಲ್ಲಿ. ಮೌಸ್ ಹಿಡಿದು ಹಿಡಿದು ನನಗೂ ಅಲ್ಲಿಯೇ ನೋಯುತ್ತಿತ್ತು. ನಿನ್ನ ಅಂಗೈ ಸರಿ ಮಾಡಿ ಇಡುತ್ತಾ "ಯಾವ ಆಟ?" ಎಂದು ಮೆಲ್ಲಗೆ ಕೇಳಿದೆ. ನೀನು ಕಳ್ಳಿಯ ಹಾಗೆ ಬಾಗಿಲ ಕಡೆ ನೋಡಿ "ಡಸ್ಟ್‌ಲೈನ್" ಎಂದೆ. ನಾನೂ ಅದನ್ನೇ ಆಡುವವಳು ಎಂದಾಗ ನಗು ತಡೆಯಲಾರದೆ ನಿನ್ನ ಕೈ ಅಲುಗಿ, ಎಕ್ಸ್-ರೇ ಎರಡು ಸಲ ತೆಗೆಯಬೇಕಾಯಿತು.

ಬ್ಯಾರಿ ಮನೆಯ ಇಪ್ಪತ್ತೆರಡರ ಹುಡುಗಿ, ಕೊಂಕಣಿ ಮಾತಾಡುವ ಮೂವತ್ತಮೂರರ ಹೆಂಗಸು. ಇಬ್ಬರೂ ಕಂಪ್ಯೂಟರಿನ ಮುಂದೆ ಸೈನಿಕರಾಗಿ, ಮರುಭೂಮಿಯ ಮುರಿದ ಗೋಡೆಗಳ ನಡುವೆ ಗುಂಡು ಹಾರಿಸುವುದರಲ್ಲಿ ಸುಖ ಕಂಡವರು. ನನ್ನ ಜೊತೆ ಫ್ಲಾಟಿನಲ್ಲಿರುವವರಿಗೆ ಇದನ್ನು ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ ಎಂದು ಬಾಗಿಲು ಹಾಕಿಕೊಂಡು ಆಡುತ್ತಿದ್ದೆ. ಪ್ರತಿ ಶುಕ್ರವಾರ ನಾನು ಚರ್ಚಿನ ಪೂಜೆ ಮುಗಿಸಿ ಬಂದು, ನೀನು ಮನೆಯವರ ಜೊತೆ ಬಿರಿಯಾನಿ ಮುಗಿಸಿ ಬಂದು, ಇಬ್ಬರ ತಂಡ. ವಾರದ ಆರು ದಿನ ಬೇರೆಯವರ ಎಲುಬು ನೋಡುವ ನನಗೆ ಅದೊಂದೇ ಮಧ್ಯಾಹ್ನ ನನ್ನದಾಗಿತ್ತು.

ಹತ್ತಿರ ಬಂದ ಶತ್ರುವಿಗೂ ನಮ್ಮ ಮಾತು ಕೇಳಿಸುವ ಆಟ ಅದು. ಹಿಂದಿ ಎಲ್ಲರಿಗೂ ಬರುತ್ತದೆ. ನಿನ್ನ ಬ್ಯಾರಿ ಮಲಯಾಳಿಗಳಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ನನ್ನ ಕೊಂಕಣಿ ನಿನಗೇ ಬರುವುದಿಲ್ಲ. ಕೊನೆಗೆ ಉಳಿದದ್ದು ಕನ್ನಡ. ಇಡೀ ದೋಹಾಕ್ಕೆ ಕೇಳಿಸುವಂತೆ ಕೂಗಿದರೂ ನಮ್ಮಿಬ್ಬರಿಗೆ ಮಾತ್ರ ಅರ್ಥವಾಗುವ ಗುಟ್ಟಿನ ಭಾಷೆ. "ಎಂತ ಭಾಷೆ ಇದು?" ಎಂದು ಯಾರೋ ಮಲಯಾಳದಲ್ಲಿ ಬೈದುಕೊಳ್ಳುತ್ತಾ ಸತ್ತದ್ದು ನೆನಪುಂಟಾ? ಆ ದಿನ ನೀನು ಕುರ್ಚಿಯಿಂದ ಬಿದ್ದು ನಕ್ಕಿದ್ದೆ.

ಆದರೆ ಮೊದಲ ತಿಂಗಳು ನಾವೇ ಸತ್ತದ್ದು ಹೆಚ್ಚು. ಕಾರಣ ನನ್ನ ಬಾಯಿ. ಉಡುಪಿ ಕರಾವಳಿಯ ತೊಟ್ಟಂನಲ್ಲಿ ಹುಟ್ಟಿದ ನಾನು ಪೂರ್ವ ಪಶ್ಚಿಮ ಎಂದು ಹೇಳಿದ್ದು ಶಾಲೆಯ ಪರೀಕ್ಷೆಯಲ್ಲಿ ಮಾತ್ರ. ನಮ್ಮಲ್ಲಿ ಬಾವಿ ಇರುವುದು ಗುಡ್ಡೆ ಬದಿಗೆ, ತೆಂಗಿನಕಾಯಿ ಬಿದ್ದದ್ದು ಕಡಲ ಬದಿಗೆ. ಶತ್ರು ಕಂಡ ಗಡಿಬಿಡಿಯಲ್ಲಿ "ಕಡಲ ಬದಿ! ಕಡಲ ಬದಿ!" ಎಂದು ಕಿರುಚಿದೆ. ನನಗೆ ಅದು ಪಶ್ಚಿಮ. ನೀನು ಗರಕ್ಕನೆ ಪೂರ್ವಕ್ಕೆ ತಿರುಗಿದೆ, ಬೆನ್ನಿಗೆ ಗುಂಡು ಬಿತ್ತು, ಖಲಾಸ್. "ಅಕ್ಕ, ಕಡಲು ಪೂರ್ವಕ್ಕಲ್ವಾ ಇರೋದು!" ಎಂದು ನೀನು, "ಕಡಲು ಪೂರ್ವದಲ್ಲಿ ಯಾವ ದೇಶದಲ್ಲುಂಟು?" ಎಂದು ನಾನು. ಈ ದೇಶದಲ್ಲಿ ಉಂಟು. ದೋಹಾದಲ್ಲೇ ಹುಟ್ಟಿದ ನಿನಗೆ ಕಡಲೆಂದರೆ ಕಾರ್ನಿಷ್ ದಂಡೆ, ಸೂರ್ಯ ಮುಳುಗುವ ಬದಲು ಹುಟ್ಟುವ ಕಡಲು. ನನಗದು ಹೊಳೆದೇ ಇರಲಿಲ್ಲ.

ಇಬ್ಬರೂ ಬಿಟ್ಟುಕೊಡಲಿಲ್ಲ. ಜಗಳ ಬಗೆಹರಿಯದೆ ಒಂದು ಒಪ್ಪಂದಕ್ಕೆ ಬಂದೆವು: "ಕಡಲ ಬದಿ" ಎಂದು ನಾನು ಕೂಗಿದರೆ ಪಶ್ಚಿಮ, ನೀನು ಕೂಗಿದರೆ ಪೂರ್ವ. ಹೊರಗಿನವರಿಗೆ ಹುಚ್ಚು ಅನ್ನಿಸಬಹುದು. ನಮಗೆ ಆರು ವರ್ಷ ಒಮ್ಮೆಯೂ ತಪ್ಪಲಿಲ್ಲ. ಹಾಗೆ ಮಾತಾಡುವವರು ಭೂಮಿಯ ಮೇಲೆ ಇಬ್ಬರೇ ಇದ್ದೆವು, ಅಫ್ರಾ.

ಎರಡು ವರ್ಷದ ಹಿಂದೆ ಡಸ್ಟ್‌ಲೈನ್ ನಾಲ್ಕು ಬಂದಾಗ ನಮಗಾದ ಗತಿಯನ್ನು ನೀನು ಮರೆತಿರಲಾರೆ. ತಿಂಗಳುಗಟ್ಟಲೆ ಕಾದು, ಇಬ್ಬರೂ ರಜೆ ಹಾಕಿ ಕೂತರೆ ಮೂರು ದಿನ ಸರ್ವರ್ ಏಳಲೇ ಇಲ್ಲ. ಎದ್ದ ಮೇಲೆ ನೋಡಿದರೆ ಸೈನಿಕರಿಗೆ ಗುಲಾಬಿ ಬಣ್ಣದ ಮೊಲದ ವೇಷ. ಮೊಲದ ಕಿವಿಯವನೊಬ್ಬ ಕುಣಿಯುತ್ತಾ ಬಂದು ನನ್ನನ್ನು ಕೊಂದ. ಆ ಸಂಜೆ ನಮ್ಮ ಬೀದಿಯ ಉಡುಪಿ ಹೋಟೆಲಿನಲ್ಲಿ ನೀರುದೋಸೆ ಮುಂದಿಟ್ಟುಕೊಂಡು ಆಣೆ ಹಾಕಿದೆವು: ಇನ್ನು ಮುಂದೆ ಟ್ರೇಲರ್ ನೋಡಿ ಮರುಳಾಗುವುದಿಲ್ಲ, ಬಿಡುಗಡೆಗೆ ಮುಂಚೆ ಬುಕ್ ಮಾಡುವುದಿಲ್ಲ, ಬೇರೆಯವರು ಆಡಿ ಒಳ್ಳೆಯದು ಎಂದ ಮೇಲೆಯೇ ನಾವು.

ಆಮೇಲೆ ನಿಮ್ಮ ಮನೆ ಐನ್ ಖಾಲಿದ್ ಬಡಾವಣೆಗೆ ಹೋಯಿತು. ಪಕ್ಕದ ಮನೆಯಲ್ಲಿ ಮೈಸೂರಿನ ಸಹನಾ. ಮೊದಮೊದಲು ಅವಳ ಹೆಸರು ನಿನ್ನ ಮಾತಿನಲ್ಲಿ ಅಪರೂಪಕ್ಕೆ ಬರುತ್ತಿತ್ತು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಸಹನಾ ಮಾಡಿದ ಪುಳಿಯೋಗರೆ, ಸಹನಾಳ ಹೊಸ ಹೆಡ್‌ಸೆಟ್, ಸಹನಾಗೆ ಆಟ ಕಲಿಸುತ್ತಿದ್ದೇನೆ ಅಕ್ಕ. "ಒಳ್ಳೆಯದಾಯ್ತಲ್ಲ" ಎಂದೆ. ಫೋನ್ ಇಟ್ಟ ಮೇಲೆ ಫ್ರಿಜ್ಜಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದೆ.

ಈ ನಡುವೆ ಕಂಪನಿಯವರು ಹೊಸ ಆಟದಲ್ಲಿ ಇಬ್ಬರ ತಂಡವೇ ಇಲ್ಲ, ಕಡಿಮೆಯೆಂದರೆ ಮೂವರು ಬೇಕು ಎಂದು ಪ್ರಕಟಿಸಿದರು. ನಿನಗೆ ಕೂಡಲೇ ಫೋನ್ ಮಾಡಿದೆ. ನೀನೂ ನನ್ನಷ್ಟೇ ಸಿಟ್ಟಾಗುತ್ತೀ ಅಂದುಕೊಂಡಿದ್ದೆ. "ಮೂವರಾದ್ರೆ ಎಂತ ಅಕ್ಕ, ಸಹನಾ ಇದ್ದಾಳಲ್ಲ" ಎಂದೆ ನೀನು. ಅಷ್ಟು ಸುಲಭವಾಗಿ!

ಮೂರು ವಾರದ ಹಿಂದೆ ಎಲ್ಲರಿಗೂ ಆಡಿ ನೋಡಲು ಬೀಟಾ ಬಿಟ್ಟರು. ಆಣೆಯ ನೆಪ ಹೇಳಿ ನಾನು ಸೇರಲಿಲ್ಲ. ನೀನು ಸಹನಾಳನ್ನು ಕಟ್ಟಿಕೊಂಡು, ಗೊತ್ತಿಲ್ಲದ ಮೂರನೆಯವನೊಬ್ಬನ ಜೊತೆ ಆಡಿ, ನಲವತ್ತು ಸೆಕೆಂಡಿನ ಕ್ಲಿಪ್ಪೊಂದನ್ನು ನನಗೆ ಕಳುಹಿಸಿದೆ. ಮರಳು, ಹೊಗೆ, ಗುಂಡಿನ ಸದ್ದು. ಹನ್ನೆರಡನೇ ಸೆಕೆಂಡಿಗೆ ನಿನ್ನ ಧ್ವನಿ: "ಸಹನಾ, ಕಡಲ ಬದಿ! ಕಡಲ ಬದಿ!"

ಅಲ್ಲಿಗೇ ನಿಲ್ಲಿಸಿದೆ. ಹೊಟ್ಟೆ ಉರಿಯಿತು ಅಫ್ರಾ. ಚಂದ ಮಾಡಿ ಹೇಳುವುದಕ್ಕೆ ನನಗೆ ಬರುವುದಿಲ್ಲ, ಹೊಟ್ಟೆಕಿಚ್ಚೇ ಅದು. ಆಟ ಕಲಿಸು, ಬಂದೂಕು ಕೊಡು, ಶುಕ್ರವಾರವನ್ನೂ ಬೇಕಾದರೆ ಹಂಚಿಕೋ. ನಮ್ಮ ಮಾತನ್ನು ತೆಗೆದು ಅವಳ ಕೈಗೆ ಕೊಟ್ಟೆಯಲ್ಲ! ಕಡಲನ್ನೇ ಕಾಣದ ಊರಿನವಳಿಗೆ!

ಆ ಸಿಟ್ಟಿನಲ್ಲಿಯೇ ಅಭಿಮಾನಿಗಳ ಪೇಜಿನಲ್ಲಿ ಆ ಉದ್ದದ ಪೋಸ್ಟ್ ಬರೆದೆ. ನೀನು ಓದಿ "ಅಕ್ಕ ಬೆಂಕಿ" ಎಂದು ಕಮೆಂಟ್ ಹಾಕಿದ್ದೆ ಬೇರೆ. ಬಂದೂಕಿನ ಸದ್ದು ತಗಡು ಬಡಿದ ಹಾಗಿದೆ, ನಕ್ಷೆ ಚಿಕ್ಕದು, ಮೊಲದ ವೇಷ ಮತ್ತೆ ಬಂದೇ ಬರುತ್ತದೆ, ಇಬ್ಬರ ತಂಡವನ್ನು ತೆಗೆದವರಿಗೆ ಈ ಆಟದ ಜೀವ ಎಲ್ಲಿದೆಯೆಂದೇ ಗೊತ್ತಿಲ್ಲ. ನಾನೂರು ಜನ ಹೌದು ಹೌದು ಎಂದರು. ಆಡಿಯೇ ನೋಡದವಳು ಬರೆದದ್ದೆಂದು ಒಬ್ಬರಿಗೂ ತಿಳಿಯಲಿಲ್ಲ. ಬಂದೂಕಿನ ಸದ್ದು ನಿಜವಾಗಿ ಹೇಗಿದೆಯೋ ನನಗೆ ಗೊತ್ತಿಲ್ಲ. ನಾನು ಕೇಳಿದ್ದು ಹನ್ನೆರಡು ಸೆಕೆಂಡು ಮಾತ್ರ.

ಇನ್ನೊಂದು ವಿಷಯ ಹೇಳಬೇಕು, ಬೈಯಬೇಡ. ಆಣೆ ಮೊದಲು ಮುರಿದದ್ದು ನಾನು. ಟ್ರೇಲರ್ ಬಂದ ದಿನ ಅದನ್ನು ಮೂವತ್ತೊಂದು ಸಲ ನೋಡಿದೆ. ಮರಳಿನ ದಿಬ್ಬದ ಮೇಲೆ ಇಬ್ಬರು ಸೈನಿಕರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಆ ಕೊನೆಯ ದೃಶ್ಯ ಉಂಟಲ್ಲ, ಅದನ್ನು ನೋಡಿ ನಮ್ಮನ್ನೇ ನೋಡಿದಷ್ಟು ಖುಷಿಯಾಗಿ ಅವತ್ತೇ ಇಬ್ಬರಿಗೂ ಬುಕ್ ಮಾಡಿದೆ. ನಿನಗೆ ಆಶ್ಚರ್ಯ ಕೊಡಬೇಕೆಂದಿದ್ದೆ. ಕೊಡುವ ಮೊದಲೇ ಎಲ್ಲ ಕೆಟ್ಟು ಕೂತಿತು. ಊರಿಗೆಲ್ಲ ಯಾರೂ ಬುಕ್ ಮಾಡಬೇಡಿ ಎಂದು ಬುದ್ಧಿ ಹೇಳುತ್ತಿದ್ದ ನನ್ನ ಕಂಪ್ಯೂಟರಿನಲ್ಲಿ ಆಟ ಆಗಲೇ ಡೌನ್‌ಲೋಡ್ ಆಗಿ ಕೂತಿದೆ. ನಾಚಿಕೆ ಆಗುತ್ತದೆ. ಕಾಯುವುದು ಮಾತ್ರ ನಿಂತಿಲ್ಲ, ಅದೇನು ರೋಗವೋ.

ಇವತ್ತು ಬೆಳಿಗ್ಗೆ, ಇಲ್ಲ ಎಂದು ಬರೆದುಬಿಡೋಣವೆಂದು ಫೋನ್ ತೆಗೆದೆ. ಸಿಟ್ಟನ್ನು ಇನ್ನೊಮ್ಮೆ ಬಿಸಿ ಮಾಡಿಕೊಳ್ಳಲು ಆ ಕ್ಲಿಪ್ ಹಾಕಿದೆ. ಹನ್ನೆರಡನೇ ಸೆಕೆಂಡಿಗೆ ನಿಲ್ಲಿಸುವಷ್ಟರಲ್ಲಿ ಪೇಷಂಟು ಬಂದರು, ಫೋನನ್ನು ಮೇಜಿನ ಮೇಲಿಟ್ಟು ಎದ್ದೆ, ಅದು ತನ್ನಷ್ಟಕ್ಕೆ ಓಡುತ್ತಾ ಹೋಯಿತು. ಹದಿನೇಳು ದಿನಗಳಲ್ಲಿ ಮೊದಲ ಸಲ ಉಳಿದದ್ದನ್ನು ಕೇಳಿದೆ.

ಸಹನಾ ಸತ್ತಳು. ಪಾಪ, ಪೂರ್ವಕ್ಕೆ ತಿರುಗಿದ್ದಳಂತೆ. "ಕಡಲು ಅಂದ್ರೆ ಕಾರ್ನಿಷ್ ಕಡೆ ತಾನೇ?" ಎಂದು ಅವಳು ಮೈಸೂರಿನ ಮೆತ್ತಗಿನ ಧ್ವನಿಯಲ್ಲಿ ಕೇಳಿದಳು. ನೀನು ನಗುತ್ತಾ ಹೇಳಿದೆ, "ಅಲ್ಲ, ಅಲ್ಲ. ಅದು ನನ್ನ ಕಡಲು. ಇದು ಟ್ರೂಡಿ ಅಕ್ಕನ ಕಡಲು, ಪಶ್ಚಿಮಕ್ಕುಂಟು. ನಮ್ಮ ಟೀಮಲ್ಲಿ ಅದೇ ಲೆಕ್ಕ." ಅವಳು "ಯಾರದು ಟ್ರೂಡಿ ಅಕ್ಕ?" ಎಂದಳು. "ಬರ್ತಾರೆ, ನೋಡ್ತಾ ಇರು" ಎಂದೆ ನೀನು.

ಪೇಷಂಟು ಕೈ ಚಾಚಿ ಕೂತಿದ್ದರು. ನಾನು ಸೀಸದ ಏಪ್ರನ್ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಅತ್ತೆ. "ಸಿಸ್ಟರ್, ಫ್ರಾಕ್ಚರಾ?" ಎಂದು ಅವರು ಹೆದರಿ ಕೇಳಿದರು. ಇಲ್ಲ, ಏನೂ ಆಗಿಲ್ಲ ಎಂದೆ.

ಆರು ವರ್ಷ ಜಗಳವಾಡಿದರೂ ಬಿಟ್ಟುಕೊಡದ ನಿನ್ನ ಕಡಲನ್ನು ನಾನಿಲ್ಲದ ಕಡೆ ಸುಮ್ಮನೆ ಬಿಟ್ಟುಕೊಟ್ಟಿದ್ದೀ. ನನ್ನ ತೊಟ್ಟಂನ ಕಡಲನ್ನು ಮೈಸೂರಿನವಳಿಗೆ ಕಲಿಸುತ್ತಿದ್ದೀ. ನಾನೋ, ಉತ್ತರ ಕೊಡದೆ, ಪೋಸ್ಟ್ ಬರೆಯುತ್ತಾ, ಫ್ರಿಜ್ಜಿನ ಬಾಗಿಲು ಬಡಿಯುತ್ತಾ ಕೂತಿದ್ದೆ.

ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದು ಸುಳ್ಳು ಹೇಳುವುದಿಲ್ಲ. ನಾಳೆ ಸಹನಾಳ ಹೆಡ್‌ಸೆಟ್ಟಿನ ಸುದ್ದಿ ಬಂದಾಗ ಒಮ್ಮೆ, ನೀವಿಬ್ಬರು ಪುಳಿಯೋಗರೆ ಮಾತಾಡುವಾಗ ಒಮ್ಮೆ ಹೊತ್ತಿಕೊಳ್ಳುತ್ತದೆ. ಆಗ ನಾನು ಮಾತು ಬಿಟ್ಟರೆ ಸರ್ವರ್ ಬಿದ್ದಿದೆ ಎಂದುಕೊಳ್ಳಿ. ಆಟ ಚೆನ್ನಾಗಿಲ್ಲದಿದ್ದರೆ ನಾನು ಮೊದಲೇ ಹೇಳಿದ್ದೆ ಎನ್ನುವ ಹಕ್ಕು ನನ್ನದು. ಚೆನ್ನಾಗಿದ್ದರೆ ಆ ಪೋಸ್ಟಿನ ಸುದ್ದಿ ಯಾರೂ ಎತ್ತಬಾರದು. ನಿನಗಾಗಿ ಮಾಡಿಟ್ಟ ಬುಕಿಂಗಿನ ಕೋಡನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನೀನು ಆಗಲೇ ಮಾಡಿಕೊಂಡಿದ್ದರೆ ಅದನ್ನು ಸಹನಾಗೆ ಕೊಡು. ಕೊಡುವಾಗ ಟ್ರೂಡಿ ಅಕ್ಕ ಕೊಟ್ಟದ್ದು ಎಂದು ಮರೆಯದೆ ಹೇಳು.

ನಿನ್ನ ಮಣಿಕಟ್ಟಿಗೆ ನೋವು ಬಾರದಿರಲಿ, ನಾಳೆ ಸರ್ವರ್ ಏಳಲಿ, ಮೊಲಗಳು ಕಾಡಿನಲ್ಲೇ ಇರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಪಕ್ಕದ ಮನೆಯವಳನ್ನೂ.

ಪಶ್ಚಿಮವನ್ನು ನೀವಿಬ್ಬರು ನೋಡಿಕೊಳ್ಳಿ. ನಾನು ಕಡಲ ಬದಿಗೆ ನಿಲ್ಲುತ್ತೇನೆ, ಅಫ್ರಾ. ನಿನ್ನ ಕಡಲ ಬದಿಗೆ.

ಮೂರನೇ ಜಾಗದವಳು,
ನಿನ್ನ ಟ್ರೂಡಿ ಅಕ್ಕ
(ಜರ್ಟ್ರೂಡ್)