ಕೊಲ್ಹಾಪುರದಲ್ಲಿ ಹೇಳಿದ ಮಾತು

ಬ್ರಹ್ಮಾವರ
ಡಿಸೆಂಬರ್ 9, 2025, ಮಂಗಳವಾರ

ನನ್ನ ಅಮ್ಮನಿಗೆ,

ಸುಪ್ರೀತಾಳ ನಮಸ್ಕಾರ. ಕಾಗದ ಕಂಡು ಹೆದರಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟವಳು ಅಲ್ಲಿಗೇ ಪೆನ್ನು ನಿಲ್ಲಿಸಿದೆ. ಮೈಗೆ ಕಾಯಿಲೆಯಿಲ್ಲ, ಅಷ್ಟು ತಿಳಿದುಕೋ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಸರಿಯಾಗಿ ಕೇಳದೆ ಸ್ಪೀಕರ್ ಹಾಕುತ್ತೀ. ವಂಡ್ಸೆಯ ಮನೆಯ ಚಾವಡಿಯಲ್ಲಿ ಆಗ ಯಾರ್ಯಾರು ಕೂತಿರುತ್ತಾರೋ. ಇದನ್ನು ನೀನೊಬ್ಬಳೇ ಓದು. ಅಣ್ಣನಿಗೆ ತೋರಿಸಬೇಡ, ಶರ್ಮಿಳಾ ಅತ್ತಿಗೆಗಂತೂ ಬೇಡವೇ ಬೇಡ.

ಮೊನ್ನೆ ನೀನು ಅಳುತ್ತಾ ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸುಜಿತ್‌ಗೆ ಬೇರೆ ಹೆಂಗಸಿಲ್ಲ. ಕೊಲ್ಹಾಪುರದಲ್ಲೂ ಇಲ್ಲ, ಮುಂಬೈಯಲ್ಲೂ ಇಲ್ಲ. ಅವರು ಹೇಳಿದ ಆ ಎರಡು ಮಕ್ಕಳು ಇನ್ನೊಬ್ಬಳ ಮಕ್ಕಳಲ್ಲ. ಅವು ನನ್ನವೂ ಹೌದು.

ಶ್ರೀಲಂಕಾದಲ್ಲಿ ದೊಡ್ಡ ಬಂಡೆಯ ಮೇಲೆ ಹಳದಿ ಚೂಡಿದಾರ ಹಾಕಿ ನಿಂತ ನನ್ನ ಫೋಟೋವನ್ನು ನೀನು ದೊಡ್ಡದು ಮಾಡಿಸಿ ಶೋಕೇಸಿನಲ್ಲಿ ಇಟ್ಟಿದ್ದೀಯಲ್ಲ. ಬಂದವರಿಗೆಲ್ಲ ಮಗಳು ಅಳಿಯ ದೇಶ ಸುತ್ತುತ್ತಾರೆ ಎಂದು ತೋರಿಸುತ್ತೀ. ಆ ಚೂಡಿದಾರದ ಒಳಗೆ ನನ್ನ ಹೊಟ್ಟೆಯ ತುಂಬ ಇಂಜೆಕ್ಷನ್ನಿನ ನೀಲಿ ಕಲೆಗಳಿದ್ದವು ಅಮ್ಮ. ನಮ್ಮ ಹೋಟೆಲಿಗೆ ಸಾಮಾನು ತರಲು ಮಂಗಳೂರಿಗೆ ಹೋಗುತ್ತೇವೆ ಎಂದು ನಿನಗೆ ಹೇಳುತ್ತಿದ್ದುದೆಲ್ಲ ಆಸ್ಪತ್ರೆಗೆ. ಮಗುವಿಗಾಗಿ ಚಿಕಿತ್ಸೆ, ಟೆಸ್ಟ್ ಟ್ಯೂಬ್ ಎನ್ನುತ್ತಾರಲ್ಲ, ಅದು. ತೊಂದರೆ ಯಾರದ್ದು ಎಂದು ಕೇಳಬೇಡ, ನಾನು ಹೇಳುವುದಿಲ್ಲ. ಮೊದಲ ಸಲ ಮಗು ನಿಲ್ಲಲಿಲ್ಲ ಎಂದು ಆಸ್ಪತ್ರೆಯಿಂದ ಫೋನ್ ಬಂದ ದಿನ ಸುಜಿತ್ ಹೋಟೆಲಿನ ಗಲ್ಲಾ ಬಿಟ್ಟು ಮನೆಗೆ ಬಂದು, ಎಲ್ಲಿಗಾದರೂ ಹೋಗೋಣ, ನಮ್ಮನ್ನು ಯಾರೂ ಏನೂ ಕೇಳದ ಊರಿಗೆ ಹೋಗೋಣ ಎಂದರು. ಹಾಗೆ ಶುರುವಾದದ್ದು ನಮ್ಮ ತಿರುಗಾಟ. ಒಂದೊಂದು ಸಲ ಸೋತಾಗಲೂ ಒಂದೊಂದು ಊರು. ಜನ ನಮ್ಮ ಸುಖ ಎಣಿಸುತ್ತಿದ್ದರು.

ವಿಯೆಟ್ನಾಮಿಗೆ ಹೋದದ್ದು ಎರಡನೆಯ ಸಲದ ನಂತರ. ಅಲ್ಲೊಂದು ಹಳೆಯ ಪೇಟೆ, ಹೊಳೆಯ ಬದಿಯಲ್ಲಿ ಸಾಲಾಗಿ ಅಂಗಡಿಗಳು. ಟೊಪ್ಪಿ ಮಾರುವ ಒಬ್ಬಳು ಹೆಂಗಸು, ನಿನ್ನಷ್ಟೇ ವಯಸ್ಸಿರಬೇಕು, ನನ್ನ ಕೈ ಹಿಡಿದುಕೊಂಡು ಮಗುವನ್ನು ತೂಗುವ ಹಾಗೆ ತೋಳು ಆಡಿಸಿ ಎಷ್ಟು ಎಂದು ಬೆರಳು ಎತ್ತಿದಳು. ಊರಲ್ಲಿ ಇಂಥ ಪ್ರಶ್ನೆ ಬಂದಾಗ ಮಾಡುವ ಹಾಗೆ ನಾನು ಬೇರೆ ಕಡೆ ನೋಡಿದೆ. ಹಿಂದಿನಿಂದ ಸುಜಿತ್ ಎರಡು ಬೆರಳು ತೋರಿಸಿದರು. ಅವಳಿಗೆ ಎಂಥ ಸಂತೋಷ! ಒಂದು ಗಂಡು ಒಂದು ಹೆಣ್ಣಾ ಎಂದು ಕೈಸನ್ನೆಯಲ್ಲೇ ಕೇಳಿದಳು. ಇವರು ಹೌದೆಂದರು. ಎರಡು ಸಣ್ಣ ಟೊಪ್ಪಿ ಕೊಂಡೂ ಬಿಟ್ಟರು. ಲಾಡ್ಜಿಗೆ ಬಂದ ಮೇಲೆ ನಾನು ಸಿಟ್ಟು ಮಾಡಬೇಕಿತ್ತು, ಮಾಡಲಿಲ್ಲ. ಹೆಣ್ಣು ದೊಡ್ಡದೋ ಗಂಡು ದೊಡ್ಡದೋ ಎಂದು ಕೇಳಿದೆ. ಹೆಣ್ಣು ದೊಡ್ಡದು ಎಂದರು.

ಆಮೇಲೆ ಹೊರದೇಶಕ್ಕೆ ಹೋದಾಗೆಲ್ಲ ನಮಗೆ ಮಕ್ಕಳಿದ್ದವು. ಜಾರ್ಜಿಯಾದಲ್ಲಿ ನಾವು ಉಳಿದುಕೊಂಡ ಮನೆಯ ಅಜ್ಜಿ ಮೊಬೈಲಿನಲ್ಲಿ ಭಾಷೆ ತಿರುಗಿಸಿಕೊಂಡು ಕೇಳಿದಾಗ ಉತ್ತರ ಕೊಟ್ಟವಳು ನಾನೇ. ದೊಡ್ಡವಳು ಶ್ರಾವ್ಯ, ಮುಂದಿನ ಹಲ್ಲು ಬಿದ್ದಿದೆ, ಫೋಟೋಕ್ಕೆ ಬಾಯಿ ತೆರೆಯುವುದಿಲ್ಲ ಎಂದೆ. ಸಣ್ಣವನಿಗೆ ಮಾತ್ರ ನಮ್ಮಿಬ್ಬರಿಗೂ ಒಪ್ಪುವ ಹೆಸರು ಸಿಗಲೇ ಇಲ್ಲ, ಅವನು ಸಣ್ಣವನೇ ಆಗಿ ಉಳಿದ. ಹಿಮದ ಬೆಟ್ಟ ನೋಡಲು ಹೋದ ಬಸ್ಸಿನಲ್ಲಿ ಅವನನ್ನು ಕನ್ನಡ ಶಾಲೆಗೆ ಹಾಕುವುದೋ ಇಂಗ್ಲಿಷ್ ಮೀಡಿಯಮ್ಮೋ ಎಂದು ನಿಜವಾಗಿ ಜಗಳಾಡಿ ಒಂದಿಡೀ ಮಧ್ಯಾಹ್ನ ಮಾತು ಬಿಟ್ಟೆವು. ಬೆಟ್ಟ ಹೇಗಿತ್ತೆಂದು ನೀನು ಕೇಳಿದರೆ ನನಗೆ ನೆನಪಿಲ್ಲ. ಹೊರಡುವ ದಿನ ಆ ಅಜ್ಜಿ ದ್ರಾಕ್ಷಿರಸದಲ್ಲಿ ಮಾಡಿದ ಮಿಠಾಯಿಯ ಎರಡು ಸರ ಪೇಪರಿನಲ್ಲಿ ಸುತ್ತಿ, ಒಬ್ಬೊಬ್ಬರಿಗೆ ಒಂದೊಂದು ಎಂದು ಕೊಟ್ಟಳು. ಮಂಗಳೂರಿನಲ್ಲಿ ವಿಮಾನ ಇಳಿಯುವಾಗ ಇಬ್ಬರೂ ಸುಮ್ಮನಾಗುತ್ತಿದ್ದೆವು. ಊರಲ್ಲಿ ಆ ಸುದ್ದಿ ಎತ್ತಬಾರದೆಂದು ಒಬ್ಬರಿಗೊಬ್ಬರು ಯಾವತ್ತೂ ಹೇಳಿಕೊಂಡಿರಲಿಲ್ಲ. ಎತ್ತುತ್ತಿರಲಿಲ್ಲ, ಅಷ್ಟೆ.

ನಮ್ಮ ದೇಶದೊಳಗೆ ಕಾರಿನಲ್ಲಿ ಹೋದರೆ ಆ ಸುಖ ಇರಲಿಲ್ಲ. ಹಂಪಿ ಬಾದಾಮಿಗೆ ಹೋದಾಗ ಜೋಳದ ರೊಟ್ಟಿ ಬಡಿಸಿದ ಹೆಂಗಸಿಗೆ ಸುಜಿತ್ ಮಕ್ಕಳಿಲ್ಲ ಎಂದೇ ಹೇಳಿದರು. ಅವಳು ಯಾವ ದೇವರಿಗೆ ಏನು ಹರಕೆ ಎಂದು ಊಟ ಮುಗಿಯುವ ತನಕ ಹೇಳಿದಳು. ನಾವು ತಲೆ ಆಡಿಸಿದೆವು.

ಇನ್ನು ಈ ವರ್ಷದ್ದು. ಜನವರಿಯಲ್ಲಿ ಮಗು ನಿಂತಿತು ಅಮ್ಮ. ಬೆನ್ನಿನ ಡಿಸ್ಕ್ ಜಾರಿದೆ, ಡಾಕ್ಟರು ಕಾರಿನಲ್ಲಿ ಕೂರಬಾರದು ಅಂದಿದ್ದಾರೆ ಎಂದು ಹೇಳಿ ವಂಡ್ಸೆಗೆ ಬರದೆ ಉಳಿದೆನಲ್ಲ, ಆಗ. ನೀನು ಬಸ್ಸಿನವರ ಕೈಯಲ್ಲಿ ಎಣ್ಣೆ ಕಳಿಸಿದೆ. ಆ ಬಾಟಲಿ ಮುಚ್ಚಳ ತೆಗೆಯದೆ ಹಾಗೇ ಇದೆ. ಐದು ತಿಂಗಳು ತುಂಬಿದ ಮೇಲೆ ಮನೆಗೇ ಬಂದು ನಿನ್ನ ಎದುರು ನಿಂತು ಹೇಳಬೇಕೆಂದಿದ್ದೆ. ಆ ತಿಂಗಳುಗಳಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ, ಒಂದು ಫೋಟೋವನ್ನೂ ಹಾಕಲಿಲ್ಲ. ಗಂಡ ಹೆಂಡತಿಗೆ ಸರಿಯಿಲ್ಲವಂತೆ ಎಂದು ಊರಲ್ಲಿ ಮಾತಾಯಿತು. ನನಗೆ ನೆನಪಿರುವ ಒಳ್ಳೆಯ ದಿನಗಳೆಂದರೆ ಅವೇ. ಸುಜಿತ್ ಹೋಟೆಲಿನಿಂದ ಬೇಗ ಬಂದು ನನ್ನ ಕಾಲು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಶ್ರಾವ್ಯ, ಸಣ್ಣವ ಎಂಬ ಹೆಸರು ಆಗ ಇಬ್ಬರ ಬಾಯಲ್ಲೂ ಬರಲಿಲ್ಲ, ಅವರ ಅಗತ್ಯ ಮುಗಿದ ಹಾಗಿತ್ತು.

ಐದು ತಿಂಗಳು ತುಂಬಲು ಕೆಲವೇ ದಿನ ಇರುವಾಗ ಹೋಯಿತು. ಆ ದಿನದ್ದು ಬರೆಯಲಾರೆ.

ಮಳೆಗಾಲವಿಡೀ ಸುಜಿತ್ ಮಾತಾಡಲಿಲ್ಲ. ಊಟ ಮಾಡುತ್ತಿದ್ದರು, ಹೋಟೆಲಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕಾರು ತೊಳೆದು, ಹೊರಡು ಎಂದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಕಾರವಾರ ದಾಟಿ, ಗೋವಾ ದಾಟಿ, ಮಾಲ್ವಣದಲ್ಲಿ ಎರಡು ದಿನ, ರತ್ನಾಗಿರಿಯಲ್ಲಿ ಒಂದು ದಿನ. ಕಿಟಕಿಯಿಂದ ಕಂಡದ್ದೆಲ್ಲ ನಮ್ಮದೇ ಸಮುದ್ರ, ಗಂಗೊಳ್ಳಿಯಲ್ಲಿ ಕಾಣುವಂಥದೇ ದೋಣಿಗಳು. ಕೋಟೆ ನೋಡಿದೆವು. ದೀಪಸ್ತಂಭ ನೋಡಿದೆವು. ಫೋಟೋ ತೆಗೆಯಲು ಯಾರನ್ನೂ ಕೇಳಲಿಲ್ಲ. ಅಲ್ಲಿಂದ ಘಟ್ಟ ಹತ್ತಿ ಕೊಲ್ಹಾಪುರಕ್ಕೆ ಹೋದೆವು.

ಅಲ್ಲಿ ಊಟಕ್ಕೆ ನಿಂತ ಹೋಟೆಲಿನ ಯಜಮಾನರು ನಮ್ಮ ಕಾರಿನ ಉಡುಪಿಯ ಕೆಎ ಇಪ್ಪತ್ತರ ನಂಬರು ಕಂಡು ಹೊರಗೆ ಓಡಿ ಬಂದರು. ಗಂಗೊಳ್ಳಿ ಕಡೆಯವರು. ಯಾವ ಊರು, ಯಾರ ಮನೆ ಎಂದೆಲ್ಲ ಆಯಿತು. ದುಡ್ಡು ಮುಟ್ಟಲಿಲ್ಲ, ಮೀನು ತಾವೇ ಬಡಿಸಿದರು. ಕೊನೆಗೆ ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಬಂದಿರಿ ಎಂದರು. ಮಕ್ಕಳಿಲ್ಲ ಎಂದು ಸುಜಿತ್ ಹೇಳುವುದನ್ನು ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದೆ. ಎರಡು ಮಕ್ಕಳು, ನನ್ನ ಅತ್ತೆಯ ಹತ್ತಿರ ಬಿಟ್ಟಿದ್ದೇವೆ ಎಂದರು ಇವರು. ಅಂದರೆ ನಿನ್ನ ಹತ್ತಿರ. ಎಷ್ಟನೇ ಕ್ಲಾಸು ಎಂದದ್ದಕ್ಕೂ ಉತ್ತರವಿತ್ತು. ಯಜಮಾನರು ಕೆಲಸದ ಹುಡುಗನನ್ನು ಕಳಿಸದೆ ತಾವೇ ಎದುರಿನ ಅಂಗಡಿಗೆ ಹೋಗಲು ಎದ್ದು, ಹುಡುಗಿಗೆ ಒಂದು ಜೊತೆ ಚಪ್ಪಲಿ ಕೊಡುತ್ತೇನೆ, ಕಾಲು ಎಷ್ಟುದ್ದ ಎಂದು ಕೇಳಿದರು. ಸುಜಿತ್ ಹೆಬ್ಬೆರಳೂ ಕಿರುಬೆರಳೂ ಅಗಲಿಸಿ ಮೇಜಿನ ಮೇಲೆ ಅಳತೆ ತೋರಿಸಿದರು. ನಾನು ಕೈ ತೊಳೆಯಲು ಎದ್ದು ಹೋದೆ.

ಕಾರಿನಲ್ಲಿ ಬಹಳ ದೂರ ಬಂದ ಮೇಲೆ, ಅವರು ಊರಿನವರು, ಊರಲ್ಲಿ ಗೊತ್ತಾಗುತ್ತದೆ ಎಂದೆ. ಸುಜಿತ್ ಕಾರನ್ನು ಬದಿಗೆ ಹಾಕಿದರು. ಕಬ್ಬಿನ ಗದ್ದೆಯ ಬದಿ. ಸ್ಟೇರಿಂಗ್ ಹಿಡಿದುಕೊಂಡೇ ಇದ್ದರು.

"ಮುಂಚೆ ಇಲ್ಲೆ ಅಂತಿದ್ದೆ. ಇನ್ ಇಲ್ಲೆ ಅಂಬುಕ್ ನನ್ನತ್ರ ಆತಿಲ್ಲೆ, ಸುಪ್ರಿ," ಎಂದರು.

ಇಲ್ಲ ಎನ್ನಲು ಇನ್ನು ಆಗುವುದಿಲ್ಲ ಎಂಬ ಆ ಮಾತು, ಮಗು ಹೋದ ಮೇಲೆ ಅವರು ನನ್ನ ಹತ್ತಿರ ಮನಸ್ಸು ಬಿಟ್ಟು ಆಡಿದ ಮೊದಲನೆಯದು.

ಮುಂದಿನದ್ದು ನಿನಗೆ ಗೊತ್ತು, ನಿನ್ನ ಕಣ್ಣೆದುರೇ ಆದದ್ದು. ಆ ಯಜಮಾನರು ನಮ್ಮ ವಂಡ್ಸೆಯ ಪ್ರಭಾವತಿ ಅಕ್ಕನ ತಮ್ಮ ಎಂದು ನಮಗೇನು ಕನಸೇ? ಕುಂಭಾಶಿಯ ಮದುವೆಯಲ್ಲಿ ಊಟದ ಪಂಕ್ತಿಯ ಎದುರು ನಿಂತು ಪ್ರಭಾವತಿ ಅಕ್ಕ ಕೇಳಿದ್ದು ತಮಾಷೆಗೇ ಇರಬಹುದು. "ಎರಡ್ ಮಕ್ಳ್ ಇದ್ದೊ ಅಂಬ್ರ್, ನಮ್ ತಮ್ಮ ಚಪ್ಲಿ ಬೇರೆ ಕೊಟ್ಟಿದ ಅಂಬ್ರ್. ಎಲ್ ಅಡ್ಗ್ಸಿಟ್ಟಿದ್ರಿ ಹ್ವಾಯ್?" ಮೊದಲು ನಾಲ್ಕು ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ಆಮೇಲೆ ಸುಜಿತ್ ಮುಖ. ಸುಜಿತ್ ಬಾಳೆಎಲೆ ಬಿಟ್ಟು ಎದ್ದು ಹೋದರು. ಅಷ್ಟೇ ಸಾಕಾಯಿತು ಊರಿಗೆ.

ಶನಿವಾರ ಅಣ್ಣ ಇಲ್ಲಿಗೆ ಬಂದಿದ್ದು ನಿನಗೆ ಹೇಳಿರಬೇಕು. ಏನು ಹೇಳಿದನೋ, ಇದ್ದದ್ದನ್ನು ನಾನು ಬರೆಯುತ್ತೇನೆ. ರತ್ನಾಕರಣ್ಣ ಕೆಟ್ಟವನಲ್ಲ, ನನ್ನ ಮೇಲಿನ ಪ್ರೀತಿಗೇ ಬಂದದ್ದು. ಜಗಲಿಯಲ್ಲಿ ನಿಂತು, ಕೂರದೆ, ನೀರೂ ಮುಟ್ಟದೆ, ಹನ್ನೆರಡು ವರ್ಷ ನನ್ನ ತಂಗಿಯನ್ನು ಬಂಜೆ ಎನ್ನಿಸಿ ಕೂರಿಸಿದೆ, ನೀನು ಬೇರೆ ಕಡೆ ಮಕ್ಕಳು ಮಾಡಿಕೊಂಡೆ, ಹೌದೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳು ಎಂದ. ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಅದನ್ನೇ ಕಾಯುತ್ತಿದ್ದೆ.

"ಹೌದ್," ಎಂದರು ಸುಜಿತ್. "ಎರಡ್ ಮಕ್ಳ್ ಇದ್ದೊ ನಂಗೆ."

ಅಣ್ಣ ಕೈ ಎತ್ತಿದ. ಹೊಡೆಯಲಿಲ್ಲ. ಹದಿನಾಲ್ಕನೇ ತಾರೀಕಿನ ಭಾನುವಾರ ನಾಲ್ಕು ಜನರನ್ನು ಕರೆದುಕೊಂಡು ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ನನಗೆ ಹೇಳಿ ಹೋದ. ನಾನು ಓಡಿ ಹೋಗಿ ಸತ್ಯ ಹೇಳಬಹುದಿತ್ತು. ಬೈಕು ಗೇಟು ದಾಟುವ ತನಕ ಸಮಯವಿತ್ತು. ಏನೆಂದು ಹೇಳಲಿ ಅಮ್ಮ? ನನ್ನ ಗಂಡನಿಗೆ ಮಕ್ಕಳೇ ಇಲ್ಲ ಎಂದು ನಾನು ಅವರೆದುರಿಗೇ ಹೇಳಬೇಕಿತ್ತು. ಇಲ್ಲೆ ಅಂಬುಕ್ ನನ್ನತ್ರವೂ ಆಗಲಿಲ್ಲ.

ಅಂದಿನಿಂದ ಸುಜಿತ್ ಹೋಟೆಲಿಗೆ ಹೋಗಿಲ್ಲ. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಗಂಜಿ ಕೊಟ್ಟರೆ ಎರಡು ಚಮಚ ಕುಡಿಯುತ್ತಾರೆ. ಡಾಕ್ಟರ ಹತ್ತಿರ ಹೋಗೋಣವೆಂದೆ, ಕೇಳಿಸಿದ ಹಾಗೆ ಕಾಣಲಿಲ್ಲ. ನಿನ್ನೆ ಸುಮ್ಮನೆ ಬದಿಯಲ್ಲಿ ಕೂತು, ಶ್ರಾವ್ಯಳಿಗೆ ಈಗ ಹಲ್ಲು ಬಂದಿರಬಹುದಲ್ಲ ಎಂದು ನಾನೇ ಎತ್ತಿದೆ, ನಮ್ಮ ಮನೆಯೊಳಗೆ, ಮೊದಲ ಸಲ. ಅವರು ತಿರುಗಿ ನನ್ನನ್ನು ನೋಡಿದರು. ಪಾಪದ ಹೆಂಗಸು ಎಂದು ನೋಡುವ ಹಾಗೆ ನೋಡಿದರು. ಮತ್ತೆ ಗೋಡೆಯ ಕಡೆ ತಿರುಗಿಕೊಂಡರು. ಅಲ್ಲಿಗೆ ನನಗೆ ಆ ಎರಡು ಮಕ್ಕಳೂ ಹೋದವು.

ಹಾಗಾಗಿ ನಿನ್ನ ಹತ್ತಿರ ಕೇಳುವುದು ಒಂದೇ. ಭಾನುವಾರ ಅಣ್ಣನನ್ನು ತಡೆ. ನಾನು ಬರುವುದಿಲ್ಲ. ಗಂಡನ ಮೇಲಿನ ಪ್ರೀತಿಯಿಂದ ಬರುವುದಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಪ್ರೀತಿಯೋ ಏನೋ ನನಗೆ ಈಗ ತಿಳಿಯುವುದಿಲ್ಲ. ಆ ಐದು ತಿಂಗಳು ಇತ್ತೆಂದು ಗೊತ್ತಿರುವ ಇನ್ನೊಂದು ಜೀವ ಈ ಭೂಮಿಯ ಮೇಲೆ ಅವರೊಬ್ಬರೇ. ಅವರನ್ನು ಬಿಟ್ಟು ನಿನ್ನ ಚಾವಡಿಯಲ್ಲಿ ಬಂದು ಕೂತು ನಾನು ಯಾರಾಗಿರಲಿ?

ಅಣ್ಣನಿಗೆ ನಿಜ ಹೇಳಬೇಡ. ಊರಿನವರು ಅವರಿಗೆ ಬೇರೆ ಸಂಸಾರ ಇದೆ ಎಂದೇ ತಿಳಿದುಕೊಳ್ಳಲಿ. ಕೆಟ್ಟವನು ಎನ್ನಿಸಿಕೊಂಡು ಬದುಕಲು ಅವರಿಂದ ಆಗುತ್ತದೆ, ಮಕ್ಕಳೇ ಇಲ್ಲ ಎನ್ನುವ ಇನ್ನೊಂದನ್ನು ಹೊರಲು ಆಗುವುದಿಲ್ಲ. ನನ್ನನ್ನು ಪಾಪ ಎನ್ನಲಿ, ಬುದ್ಧಿಯಿಲ್ಲದವಳು ಎನ್ನಲಿ. ನೀನೂ ನಾಲ್ಕು ಜನರೆದುರು ಹಾಗೆಯೇ ಅನ್ನು.

ಶೋಕೇಸಿನ ಫೋಟೋ ಸಾಧ್ಯವಾದರೆ ತೆಗೆ. ಚಳಿಗೆ ಮಂಡಿನೋವು ಹೆಚ್ಚಾದೀತು, ಬೆಳಿಗ್ಗೆ ಅಂಗಳಕ್ಕೆ ಬರಿಗಾಲಲ್ಲಿ ಇಳಿಯಬೇಡ.

ನಿನ್ನ ಮಗಳು,
ಸುಪ್ರಿ

ಮರೆತ ಮಾತು: ಆ ದಿನದ್ದು ಬರೆಯಲಾರೆ ಎಂದಿದ್ದೆ. ಕವರಿಗೆ ಹಾಕಿದ ಕಾಗದ ಮತ್ತೆ ತೆಗೆದೆ. ಆಸ್ಪತ್ರೆಯಲ್ಲಿ ನರ್ಸ್ ನೋಡುತ್ತೀರಾ ಎಂದು ಕೇಳಿದಳು. ಸುಜಿತ್ ನನ್ನಿಂದಾಗದು ಎಂದು ಹೊರಗೇ ಉಳಿದರು. ನಾನು ನೋಡಿದೆ. ಹೆಣ್ಣು. ಅವರು ಇವತ್ತಿನವರೆಗೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಜ್ಜಿಯಾದ ನಿನಗೆ ಗೊತ್ತಿರಲಿ ಎಂದು ಬರೆದೆ. ಕೈಬೆರಳಿಗೆ ಉಗುರು ಮೂಡಿತ್ತು ಅಮ್ಮ.